ಎಲೆಕೋಸಿನ ಮೇಲೆ ಹಿಮದ ಗಾಡಿ

ನನ್ನ ಅತ್ತೆ ಕೃಷ್ಣಾಬಾಯಿಯವರು ಹಿಮವನ್ನು ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ನಾನೂ ಅಷ್ಟೇ. ಆದರೂ ಈ ವರ್ಷ ಶ್ರಾವಣದಿಂದ ನವರಾತ್ರಿಯವರೆಗೆ ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ನಡೆದ ಚರ್ಚೆಯೆಲ್ಲ ಹಿಮದ ಮೇಲೆ ಜಾರದ ಗಾಡಿಯದು. ಆ ತಿಂಗಳುಗಳ ನನ್ನ ದಿನಚರಿ ತೆರೆದರೆ ಮಗಳ ನೆಗಡಿ, ಗ್ಯಾಸ್ ಸಿಲಿಂಡರ್ ಬಂದ ದಿನ, ಇಡ್ಲಿ ಹಿಟ್ಟು ಉಬ್ಬದೇ ಹೋದ ದುಃಖ, ಇವುಗಳ ನಡುವೆ ದಪ್ಪ ಅಕ್ಷರದಲ್ಲಿ 'ಡಿಫರೆನ್ಷಿಯಲ್ ಲಾಕ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅದೇನೆಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬರೆದಾಗ ಮಾತ್ರ ಭಾರಿ ತಿಳಿದವಳ ಹಾಗೆ ಅನಿಸಿತ್ತು.

ನನ್ನ ಗಂಡ ಪ್ರಣವ ಭೋಸರಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ತಯಾರಾಗುವ ದೊಡ್ಡ ವಾಲ್ವುಗಳು ಹಿಮಾಚಲದ ಒಂದು ಜಲವಿದ್ಯುತ್ ಯೋಜನೆಗೆ ಹೋದವು. ಅವುಗಳ ಹಿಂದೆಯೇ ಜೂನ್‌ನಲ್ಲಿ ಪ್ರಣವನೂ ಹೋದ, ಎರಡು ವರ್ಷಕ್ಕೆ. ನಾನೂ ನಾಲ್ಕು ವರ್ಷದ ಮಗಳು ನಿಖಿತಾಳೂ ಚಳಿಗಾಲಕ್ಕೆ ಮುಂಚೆ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಮಗರಪಟ್ಟಾದ ನನ್ನ ಆಫೀಸಿಗೆ ವಾರಕ್ಕೊಮ್ಮೆ ಮುಖ ತೋರಿಸಿದರೆ ಸಾಕಿತ್ತು. ಆ ಮುಖವನ್ನೂ ಕೇಳದ ಹಾಗೆ ಬಾಸನ್ನು ಒಪ್ಪಿಸಿದ್ದೆ. ತೊಡಕು ಇದ್ದದ್ದು ರಸ್ತೆಯಲ್ಲಿ. ಕಂಪನಿಯ ವಸತಿ ಗುಡ್ಡದ ಮೇಲೆ, ಶಾಲೆ ಕೆಳಗಿನ ಊರಿನಲ್ಲಿ, ನಡುವೆ ಡಿಸೆಂಬರಿನಿಂದ ಹಿಮ ಬೀಳುವ ಸುತ್ತುದಾರಿ. ಮಗಳನ್ನು ಬಿಟ್ಟು ಕರೆತರುವುದು ನನ್ನ ಪಾಲಿಗೆ. ಅದಕ್ಕೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ಬೇಕು, ನಮ್ಮ ಕೈಗೆಟುಕುವಂಥದ್ದು, ಅಂದರೆ ಹಳೆಯದು. ಕುಟುಂಬದ ಕ್ವಾರ್ಟರ್ಸ್ ಬೇಕೋ ಬೇಡವೋ ಎಂದು ದಸರೆಯೊಳಗೆ ಹೇಳಬೇಕಿತ್ತು. ಆಮೇಲೆ ಅದು ಸರದಿಯಲ್ಲಿರುವ ಇನ್ನೊಬ್ಬರ ಪಾಲು.

ಇತ್ತ ನಿಖಿತಾ ಅಪ್ಪನ ಜೊತೆ ಊಟ ಮಾಡುವ ಹೊಸ ಕ್ರಮ ಕಂಡುಕೊಂಡಿದ್ದಳು. ವೀಡಿಯೊ ಕಾಲ್ ಬಂದ ಕೂಡಲೇ ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಅದರ ಮುಂದೆ ಒಂದು ತಟ್ಟೆ ಇಟ್ಟು, ಮೊಸರನ್ನದ ತುತ್ತು ಕೊಡುತ್ತಿದ್ದಳು. ಅತ್ತ ಪ್ರಣವ ಬಾಯಿ ಕಳೆದು ತಿಂದ ಹಾಗೆ ಮಾಡುತ್ತಿದ್ದ. ಒಂದು ದಿನ ನನ್ನ ಫೋನ್ ಚಾರ್ಜ್ ಆಗುವುದನ್ನು ನಿಲ್ಲಿಸಿತು. ರಿಪೇರಿ ಅಂಗಡಿಯವನು ಚಾರ್ಜರ್ ಸಿಕ್ಕಿಸುವ ತೂತಿನಿಂದ ಸೂಜಿಯಲ್ಲಿ ಅನ್ನದ ಅಗುಳು ತೆಗೆದು ನನ್ನ ಮುಖ ನೋಡಿದ. “ನನ್ನ ಗಂಡನ ಊಟ,” ಎಂದುಬಿಟ್ಟೆ. ಅವನು ಬಾಕಿ ಚಿಲ್ಲರೆಯನ್ನು ಸ್ವಲ್ಪ ದೂರದಿಂದಲೇ ಕೊಟ್ಟ.

ಇನ್ನು ಅತ್ತೆ. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಇಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಭಾನುವಾರ ಬೆಳಿಗ್ಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಿ ಮೂಟೆಗಟ್ಟಲೆ ತರಕಾರಿ ಕೊಂಡು, ರಿಕ್ಷಾದಲ್ಲಿ ತಂದು, ನಮ್ಮ ಬಿಲ್ಡಿಂಗಿನ ಮೆಟ್ಟಿಲ ಬಳಿ ಮನೆಮನೆಗೂ ಪಾಲು ಹಂಚುವುದು ಅವರ ಕೆಲಸ. ಯಾರ ಮನೆಯಲ್ಲಿ ಬದನೆಕಾಯಿ ತಿನ್ನುವುದಿಲ್ಲ, ಯಾರ ಮಗ ಪರೀಕ್ಷೆಗೆ ಓದುತ್ತಿದ್ದಾನೆ, ಅವನಿಗೆ ಕ್ಯಾರೆಟ್ ಹೆಚ್ಚು ಹಾಕಬೇಕು ಎಂಬುದೆಲ್ಲ ಅವರ ತಲೆಯಲ್ಲಿದೆ. ಹಿಂದೆ ಸಂತೆಯ ಕೆಲಸ ಮಾವ ಬಿಂದುಮಾಧವರದು. ಒಂದು ಮಳೆಗಾಲದಲ್ಲಿ ಯಾರ್ಡಿನ ಗೇಟಿನ ಹತ್ತಿರ ಕೊಳೆತ ಎಲೆಕೋಸಿನ ಮೇಲೆ ಅವರ ಸ್ಕೂಟರ್ ಜಾರಿ ತೊಡೆಯ ಮೂಳೆ ಮುರಿಯಿತು. ಇರುವಷ್ಟು ದಿನವೂ ಕುಂಟುತ್ತಲೇ ನಡೆದರು. ಅವರಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಅತ್ತೆ ಚೀಲ ಹಿಡಿದು ಯಾರ್ಡಿಗೆ ಹೊರಟರಂತೆ. ಬಿದ್ದವರ ಮೇಲಿನ ಸಿಟ್ಟಿಗೋ ಬೀಳಿಸಿದ ಎಲೆಯ ಮೇಲಿನ ಸಿಟ್ಟಿಗೋ, ಅವರು ಹೇಳಿಲ್ಲ.

ಹಿಮದ ಸುದ್ದಿ ಬಂದಾಗ ಅತ್ತೆ ಹಾಕಿದ ಷರತ್ತು ಇದರಿಂದಲೇ ಹುಟ್ಟಿತು.

“ಯಾವ ಗಾಡಿ ಬೇಕಾದ್ರೂ ತಗೋರಿ. ಮೊದ್ಲ ಮಾರ್ಕೆಟ್ ಯಾರ್ಡಿನ ರಾಡಿಯೊಳಗ ನಡಸಿ ತೋರಸ್ರಿ.”

“ಅತ್ತೆ, ಹಿಮ ಬೇರೆ, ಆ ಕೆಸರು ಬೇರೆ. ಹಿಮದ ಟೆಂಪರೇಚರ್...”

“ಹಿಮ ಅಂದ್ರ ಏನು? ಜಾರೂದು. ಕೋಬಿ ಎಲಿ ಅಂದ್ರ ಏನು? ಅದೂ ಜಾರೂದು. ಟೆಂಪರೇಚರ್ ನೀ ನೋಡ್ಕೋ, ಜಾರೂದು ನಾ ನೋಡೀನಿ.”

ಫೋನಿನಲ್ಲಿದ್ದ ಪ್ರಣವ ನನ್ನ ಪರ ನಿಲ್ಲುವನೆಂದುಕೊಂಡೆ. ಅವನು, “ಆಯಿ ಹೂಂ ಅಂದ ಗಾಡೀನ ತಗೊಳೋಣು. ಆಯಿ ಹೂಂ ಅನ್ನಲಿಲ್ಲಂದ್ರ ನೀವಿಬ್ರೂ ಪುಣೆದಾಗ ಇರ್ರಿ,” ಎಂದು ಮಾತು ಕೊಟ್ಟುಬಿಟ್ಟ. ತುಮಕೂರಿನ ನಾನು ಈ ಧಾರವಾಡದವರ ನಡುವೆ ಯಾವ ವಾದವನ್ನೂ ಗೆದ್ದದ್ದಿಲ್ಲ. ನಾನು ಪೂರ್ತಿ ವಾಕ್ಯ ಜೋಡಿಸುವಷ್ಟರಲ್ಲಿ ಅವರದು ಮುಗಿದಿರುತ್ತದೆ.

ಸರಿ, ನಾನು ತಯಾರಿಗೆ ಕುಳಿತೆ. ಕಾತ್ರಜ್ ಘಾಟಿನಲ್ಲಿ ನಮ್ಮ ಪುಟ್ಟ ಕಾರನ್ನು ಸೆಕೆಂಡ್ ಗೇರಿನಲ್ಲಿ ಓಡಿಸಿ ಹಿಂದಿನವರೆಲ್ಲರ ಹಾರ್ನ್ ಪರೀಕ್ಷೆ ಮಾಡಿಸುವವಳು ನಾನು. ಅಂಥವಳು ರಷ್ಯಾದವರು, ಕೆನಡಾದವರು ಹಿಮದಲ್ಲಿ ಓಡಿಸುವ ವೀಡಿಯೊಗಳನ್ನು ಅನ್ನ ಬೇಯುವಾಗಲೆಲ್ಲ ನೋಡಿದೆ. ಮೂರು ಸಲ ಅನ್ನ ಸೀಯಿತು. ತಿಂಗಳೊಳಗೆ ಬಿಲ್ಡಿಂಗಿನ ಹೆಂಗಸರಿಗೆ ಟೈರಿನ ಬಗ್ಗೆ ಉಪದೇಶ ಮಾಡುವ ಮಟ್ಟ ಮುಟ್ಟಿದ್ದೆ.

ಮೊದಲ ಗಾಡಿ ಸಿಕ್ಕಿದ್ದು ಸಾತಾರಾ ರಸ್ತೆಯ ಒಂದು ಹಳೇ ಕಾರುಗಳ ಅಂಗಡಿಯಲ್ಲಿ. ಬಿಳಿ ಬಣ್ಣ, ಆನೆಯಂಥ ಮೈ, ಹಿಂಬಾಗಿಲ ಮೇಲೆ ಫಳಫಳಿಸುವ '4x4'. ಮಾರುವ ಹುಡುಗನ ಹೆಸರು ಅಶ್ವಿನ್. ನಾನು ನಿಖಿತಾಳಿಗೆ “ಓಡಬೇಡ ಕಣೇ” ಅಂದದ್ದು ಕಿವಿಗೆ ಬಿದ್ದದ್ದೇ ಅವನ ಹಿಂದಿ ನಿಂತಿತು.

“ಮೇಡಂ, ನೀವು ಕನ್ನಡದವ್ರಾ? ನಂದು ತಿಪಟೂರು!”

“ಅಯ್ಯೋ, ನಂದು ತುಮಕೂರು!”

“ಹಾಗಿದ್ರೆ ನಿಮಗೆ ಸುಳ್ಳು ಹೇಳೋಕಾಗುತ್ತಾ ಮೇಡಂ? ಇದು ಪಕ್ಕಾ ಫೋರ್ ವೀಲ್ ಡ್ರೈವು. ಹಿಮ ಏನು, ಐಸ್‌ಕ್ರೀಮ್ ಮೇಲೂ ಹೋಗುತ್ತೆ.”

ಪುಣೆಯಲ್ಲಿ ವರ್ಷಗಟ್ಟಲೆ ಮರಾಠಿಯಲ್ಲಿ ತಡವರಿಸಿದವಳಿಗೆ ನಮ್ಮೂರ ಕಡೆಯ ಮಾತು ಕಿವಿಗೆ ಬಿದ್ದರೆ ಏನಾಗುತ್ತದೋ ಅದೇ ಆಯಿತು. ಬಾನೆಟ್ ಎತ್ತಿಸಲಿಲ್ಲ, ಕೆಳಗೆ ಬಗ್ಗಿ ನೋಡಲಿಲ್ಲ. ತಿಪಟೂರಿನಲ್ಲಿ ಯಾವ ಬೀದಿ ಎಂದು ಕೇಳಿದೆ. ಅವನ ಅಕ್ಕನ ಮದುವೆಯ ವಿಚಾರದವರೆಗೂ ಹೋದೆ.

ಅತ್ತೆ ಹಿಂದಿನಿಂದ ನನ್ನ ದುಪಟ್ಟಾ ಜಗ್ಗಿದರು. “ಕನ್ನಡ ಆಡಿದ ಕೂಡ್ಲೆ ಗಾಡಿ ಛಲೋ ಆಗ್ತದೇನು? ಯಾರ್ಡಿಗೆ ನಡಿ.”

ಸಂತೆ ಮುಗಿದ ಮಧ್ಯಾಹ್ನ. ತರಕಾರಿ ಕಟ್ಟೆಗಳ ಹಿಂದೆ, ಇಡೀ ದಿನದ ಕೊಳೆತದ್ದನ್ನು ತಂದು ಸುರಿಯುವ ಇಳಿಜಾರು. ಮೇಲೆ ಎಲೆಕೋಸು, ಕೊತ್ತಂಬರಿ, ಒಡೆದ ಟೊಮ್ಯಾಟೊ, ಕೆಳಗೆ ಮಳೆನೀರು. ನಾನು ಸ್ಟೀರಿಂಗ್ ಹಿಡಿದೆ, ಪಕ್ಕದಲ್ಲಿ ಅಶ್ವಿನ್. ಅತ್ತೆ ಹೊರಗೆ ನಿಂತರು, ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಅಂಪೈರಿನ ಹಾಗೆ. ಕೊಳಚೆಯ ನಡುವೆ ಗಾಡಿ ನಿಂತಿತು. ಗಾಲಿಗಳು ಗರಗರ ಅಂದವು, ಗಾಡಿ ಕದಲಲಿಲ್ಲ.

“ಈಗ ಆ ಫೋರ್ ವೀಲ್ ನಾಬ್ ತಿರುಗಿಸಿ ಮೇಡಂ.”

ತಿರುಗಿಸಿದೆ. ಎದುರಿಗೆ ಯಾವ ದೀಪವೂ ಹತ್ತಲಿಲ್ಲ.

“ಬಲ್ಬ್ ಹೋಗಿರುತ್ತೆ,” ಅಂದ. ಎಷ್ಟೋ ವೀಡಿಯೊ ನೋಡಿದವಳಂತೆ ತಲೆಯಾಡಿಸಿ ಆಕ್ಸಿಲರೇಟರ್ ಒತ್ತಿದೆ.

ಹಿಂದಿನಿಂದ ಅತ್ತೆಯ ಕೂಗು. ಕನ್ನಡಿಯಲ್ಲಿ ನೋಡಿದರೆ, ಅವರ ತಲೆಯಿಂದ ಕಾಲಿನವರೆಗೆ ಎಲೆಕೋಸು. ಕನ್ನಡಕದ ಒಂದು ಗಾಜಿನ ಮೇಲೆ ಟೊಮ್ಯಾಟೊ.

“ಹಿಂದಿನ್ವು ಎರಡೇ ತಿರುಗ್ಲಿಕತ್ತಾವ! ಮುಂದಿನ್ವು ಮದುವಿಗೆ ಬಂದ ಬೀಗರಂಗ ಸುಮ್ನ ನಿಂತಾವ!”

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆ. ಕಿಟಕಿಯಿಂದ ತಲೆ ಹೊರಹಾಕಿ, “ಅತ್ತೆ, ಇದು ಆಟೋಮ್ಯಾಟಿಕ್ ಸಿಸ್ಟಮ್ಮು, ಬೇಕಾದಾಗ ಮಾತ್ರ ಮುಂದಿನ ಚಕ್ರಕ್ಕೆ ಪವರ್ ಹೋಗುತ್ತೆ,” ಎಂದು ಅವರಿಗೇ ಪಾಠ ಹೇಳಿದೆ.

“ಈಗ ಬೇಕಾಗಿಲ್ಲೇನು? ಮತ್ಯಾವಾಗ ಬೇಕಾಗ್ತದ, ನಾ ಪೂರ್ತಿ ಪಚಡಿ ಆದ ಮ್ಯಾಲೇನು?”

ಇನ್ನೊಮ್ಮೆ ನಾಬ್ ತಿರುಗಿಸಿದೆ. ಅದು ಕಿತ್ತು ಕೈಗೆ ಬಂತು. ಅದರ ಹಿಂದೆ ತಂತಿಯಿರಲಿಲ್ಲ, ತೂತೂ ಇರಲಿಲ್ಲ, ಒಣಗಿದ ಅಂಟಿನ ಗುರುತು ಮಾತ್ರ. ನಾನು ಅಶ್ವಿನ್‌ನನ್ನು ನೋಡಿದೆ. ಅವನು ತಿಪಟೂರಿನ ದಿಕ್ಕು ನೋಡುತ್ತಿದ್ದ.

ಮೂಟೆ ಹೊರುವ ಹಮಾಲರು ನಾಲ್ಕೈದು ಮಂದಿ ಬಂದು ನಗುನಗುತ್ತ ನೂಕಿ ದಡಕ್ಕೆ ಹತ್ತಿಸಿದರು. ಒಬ್ಬ ಹೇಳಿದ: “ತಾಈ, ಚಾಕಂ ಚಾರ್, ಕಾಮಾಲಾ ದೋನಚ್!” ಇರುವುದು ನಾಲ್ಕು ಚಕ್ರ, ದುಡಿಯುವುದು ಎರಡೇ. ಅತ್ತೆ ಆ ಮೈಯಲ್ಲೇ ಬಿದ್ದು ಬಿದ್ದು ನಕ್ಕರು. ರಿಕ್ಷಾದವನು ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ನಡೆದುಕೊಂಡೇ ಮನೆಗೆ ಬಂದೆವು.

ಅಂದು ಸಂಜೆ ಪ್ರಣವ ಇದನ್ನು ಕೇಳಿ ಜೋರಾಗಿ ನಕ್ಕ, ಆಮೇಲೆ ಹೇಳಿದ: “ಬಿಡು ಸ್ಪಂದನಾ. ನೀವು ಅಲ್ಲೇ ಇರ್ರಿ. ನಾ ರಜಾ ಸಿಕ್ಕಾಗೆಲ್ಲ ಬರ್ತೀನಿ.” ಚೊಂಬಿನ ಪಕ್ಕದ ತಟ್ಟೆಯಲ್ಲಿದ್ದ ಅನ್ನ ತಣ್ಣಗಾಗಿತ್ತು. ನಿಖಿತಾ, “ಪಪ್ಪಾ ಇವತ್ತು ತಿಂತಿಲ್ಲ,” ಎಂದು ದೂರಿದಳು.

ಮಾರನೆಯ ವಾರ ತರಕಾರಿ ಹಂಚುವಾಗ ಒಂದು ಮಾತು ನನ್ನ ಕಿವಿಗೆ ಬಿತ್ತು. ಅತ್ತೆ ಕೆಳಗಿನ ಮನೆಯ ರಾಧಾಬಾಯಿಯ ಹತ್ತಿರ ಹೇಳುತ್ತಿದ್ದರು: “ಗಾಡಿ ಸಿಗಲಿಲ್ಲಂದ್ರ ಛಲೋನ ಆತು ನೋಡ್ರಿ. ಕೂಸು ಕಣ್ಣ ಮುಂದ ಇರ್ತದ. ಅದು ಹೋದ್ರ ಈ ಮನಿಯೊಳಗ ನಾ ಯಾರ ಕೂಡ ಜಗಳಾಡ್ಲಿ?”

ನಾನು ಮೆಟ್ಟಿಲ ತಿರುವಿನಲ್ಲಿ ಮೆಂತ್ಯದ ಕಟ್ಟು ಹಿಡಿದು ನಿಂತೆ. ಪಾಪ ಅನಿಸಿತು. ಅದರ ಬೆನ್ನಿಗೇ, ತೀರ್ಪು ಹೇಳುವವರು ಇವರೇ ಅಲ್ಲವೇ ಎಂದೂ ಅನಿಸಿತು. ಪಾಪಕ್ಕಿಂತ ಎರಡನೆಯದೇ ಹೆಚ್ಚು ಹೊತ್ತು ಉಳಿಯಿತು.

ಎರಡನೆಯ ಗಾಡಿ ಭೋಸರಿಯಲ್ಲಿ ಸಿಕ್ಕಿತು. ಲೇತ್ ಯಂತ್ರಗಳ ಸಣ್ಣ ಘಟಕ ನಡೆಸುವ ಬೆಳಗಾವಿಯ ಬಾಳಕೃಷ್ಣ ಎಂಬುವರದು. ಹದಿಮೂರು ವರ್ಷದ್ದು. ಒಂದು ಕಾಲಕ್ಕೆ ಕೆಂಪು, ಈಗ ಇಟ್ಟಿಗೆ ಬಣ್ಣ. ಆಕಾರ ನಮ್ಮ ಗೋದ್ರೇಜ್ ಕಪಾಟಿನದು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್, ಮುಂದಿನ ಚಕ್ರಗಳಿಗೂ ಬಲ ಕೊಡುವಂಥದ್ದು. ನಾನು ಈ ಸಲ ಮೊದಲು ಅದನ್ನು ಹಿಡಿದು ಎಳೆದು ನೋಡಿದೆ, ಕಿತ್ತು ಬರುತ್ತದೋ ಎಂದು.

“ಹಗೂರಕ ಜಗ್ರಿ ಅಕ್ಕಾರ, ಅದು ಖರೇದು ಅದ,” ಎಂದರು ಬಾಳಕೃಷ್ಣ. “ಆದ್ರ ನಾ ಸುಳ್ಳ ಹೇಳೂದಿಲ್ರಿ. ತಗೊಂಡಾಗ ಭಾಳ ಹುರುಪಿತ್ತು, ಗುಡ್ಡಾ ಹತ್ತಸ್ತೀನಿ ಅಂತ. ಆಮ್ಯಾಲೆ ಮನಿಂದ ಭೋಸರಿ, ಭೋಸರಿಂದ ಮನಿ. ಆ ಲಿವರ್ ಮುಟ್ಟಿ ವರ್ಷಗಟ್ಲೆ ಆತು. ಈಗ ಮುಂದಿನ ಗಾಲಿ ಎಳೀತಾವೋ ಇಲ್ಲೋ ದೇವರಿಗೇ ಗೊತ್ರಿ.”

“ದೇವರಿಗ್ಯಾಕ ತ್ರಾಸ ಕೊಡ್ತೀರಿ? ಯಾರ್ಡಿಗೆ ನಡೀರಿ,” ಎಂದರು ಅತ್ತೆ.

ದಸರೆಗೆ ಮುಂಚಿನ ಕೊನೆಯ ಭಾನುವಾರ ಅದು. ಇನ್ನೊಂದು ಗಾಡಿ ನೋಡಲು ಸಮಯ ಉಳಿದಿರಲಿಲ್ಲ. ಯಾರ್ಡಿನಲ್ಲಿ ನಮ್ಮನ್ನು ಕಂಡ ಹಮಾಲರು “ಆಜೀ ಪರತ್ ಆಲ್ಯಾ!” ಎಂದು ಸಂಭ್ರಮದಿಂದ ಕೂಗಿದರು, ಅಜ್ಜಿ ಮತ್ತೆ ಬಂದರು ಎಂದು. ಈ ಸಲ ಅತ್ತೆ ಗಾಡಿಯ ಹಿಂದೆ ನಿಲ್ಲದೆ ಮುಂದೆ, ಒಂದು ಬದಿಗೆ ನಿಂತರು. ನಿಖಿತಾಳ ಕೈ ಬಾಳಕೃಷ್ಣ ಹಿಡಿದುಕೊಂಡು ದೂರದ ಕಟ್ಟೆಯ ಮೇಲೆ ಕುಳಿತರು. ನಾನು ಹತ್ತುವ ಮೊದಲು, ಯಾರೂ ನೋಡದ ಹಾಗೆ, ನನ್ನ ಫೋನನ್ನು ಒಂದು ಖಾಲಿ ಟೊಮ್ಯಾಟೊ ಕ್ರೇಟಿಗೆ ಒರಗಿಸಿ ವೀಡಿಯೊ ಚಾಲೂ ಮಾಡಿದೆ. ಮುಂದಿನ ಚಕ್ರ ಕಾಣುವ ಹಾಗೆ. ಸಾಕ್ಷಿಯ ಮೇಲೆ ಸಾಕ್ಷಿ.

ಗಾಡಿ ಕೊಳಚೆಗೆ ಇಳಿಯಿತು, ನಡುವೆ ಹೂತು ನಿಂತಿತು. ಹಿಂದಿನ ಚಕ್ರಗಳು ಸುಮ್ಮನೆ ಸುತ್ತಿದವು. ಅಷ್ಟರಲ್ಲಿ ಹಮಾಲರು, ಹೋದ ಸಲ ನೂಕಿದ ನೆನಪಿಗೋ ಏನೋ, ಎರಡು ಗೋಣಿಚೀಲ ತಂದು ಹಿಂದಿನ ಚಕ್ರದ ಕೆಳಗೆ ತುರುಕಿದರು. ಬೇಡ ಬೇಡ ಎಂದು ನಾನು ಕೂಗುವುದರೊಳಗೆ ನನ್ನ ಕೈ ಲಿವರ್ ಎಳೆದಿತ್ತು, ಕಾಲು ಒತ್ತಿತ್ತು. ಗಾಡಿ ಒಮ್ಮೆ ನಡುಗಿ, ಹೂಂಕರಿಸಿ, ಇಳಿಜಾರು ಹತ್ತಿ, ಆಚೆಯ ಒಣ ನೆಲದ ಮೇಲೆ ಹೋಗಿ ನಿಂತಿತು.

ಹೊರಗೆ ತಂದದ್ದು ಗೋಣಿಚೀಲವೋ ಮುಂದಿನ ಚಕ್ರವೋ ನನಗೆ ಗೊತ್ತಾಗಲಿಲ್ಲ. ಗೋಣಿಚೀಲ ಹಾಸಿದವರು ಹಿಂದೆ ಇದ್ದರು, ಬಾಳಕೃಷ್ಣ ದೂರ. ಮುಂದಿನ ಚಕ್ರ ನೋಡಿದವರು ಅತ್ತೆ ಒಬ್ಬರೇ. ಅವರು ಇಲ್ಲ ಎಂದರೆ ಪ್ರಣವ ಅಲ್ಲಿ, ನಾವು ಇಲ್ಲಿ, ಎರಡು ವರ್ಷ. ಸ್ಟೀರಿಂಗ್ ಹಿಡಿದು ಕಾದೆ. ಕೂಗು ಬರಲಿಲ್ಲ. ಕನ್ನಡಿಯಲ್ಲಿ ಅವರು ಕಾಣಲಿಲ್ಲ, ಅದರ ಮೇಲೂ ಕೊತ್ತಂಬರಿ.

ಆಮೇಲೆ ಧ್ವನಿ ಬಂತು, ತರಕಾರಿ ಕಟ್ಟೆಗಳಿಗೆಲ್ಲ ಕೇಳುವಂತೆ. “ತಿರುಗ್ಯಾವ! ಮುಂದಿನ್ವೂ ತಿರುಗ್ಯಾವ! ಎಳಕೊಂಡು ಬಂದಾವ!”

ಗಾಡಿ ನಮ್ಮದಾಯಿತು. ಬೆಲೆಯ ಮಾತುಕತೆಯನ್ನೂ ಅತ್ತೆಯೇ ಮುಗಿಸಿದರು. ಬಾಳಕೃಷ್ಣ ಕೊನೆಗೆ ಕೈಮುಗಿದು “ಸಾಕ್ರಿ ಅವ್ವಾರ” ಎಂದದ್ದಷ್ಟೇ ನನಗೆ ನೆನಪು.

ಮನೆಗೆ ಬಂದು ಸ್ನಾನ ಮಾಡಿ, ನಿಖಿತಾಳನ್ನು ಗೊಂಬೆಗಳ ಮುಂದೆ ಕೂರಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ ವೀಡಿಯೊ ಹಾಕಿದೆ. ಫೋನ್ ಸ್ವಲ್ಪ ಜಾರಿತ್ತು, ಆದರೂ ಚಕ್ರ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅತ್ತೆ ಕಾಣುತ್ತಿದ್ದರು. ಮೊಣಕಾಲಿನ ಮೇಲೆ ಕೈಯೂರಿ, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ, ಚಕ್ರವನ್ನೇ ನೋಡುತ್ತಿದ್ದರು. ಚಕ್ರ ಒಂದು ಸಲ ಮಿಸುಕಿತು, ಎಲೆಯೊಂದನ್ನು ಕಚ್ಚಿ ಹಿಂದಕ್ಕೆಸೆದು ಗಾಡಿಯನ್ನು ಎಳೆಯಿತು. ಗಾಡಿ ಹೋಯಿತು. ಅತ್ತೆ ನಿಧಾನವಾಗಿ ನೆಟ್ಟಗಾದರು. ಅದು ಹೋದ ದಿಕ್ಕು ನೋಡಿದರು. ಕೂಗಲಿಲ್ಲ. ದೂರದ ಕಟ್ಟೆಯ ಮೇಲೆ ಕಾಲು ಆಡಿಸುತ್ತ ಕೂತಿದ್ದ ನಿಖಿತಾಳ ಕಡೆ ತಿರುಗಿದರು, ತುಂಬ ಹೊತ್ತು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. ಅದಾದ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದರು.

“ಯಾರ್ದು ಸಿನೇಮಾ ಅದು?”

ಅತ್ತೆ ನನ್ನ ಹಿಂದೆಯೇ ನಿಂತಿದ್ದರು, ಕೈಯಲ್ಲಿ ಮಜ್ಜಿಗೆ ಪಾತ್ರೆ. ಫೋನ್ ಮುಚ್ಚಿಡಲು ತಡವಾಗಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದರು.

“ನನ್ನ ಮ್ಯಾಲೆ ವಿಶ್ವಾಸ ಇರಲಿಲ್ಲೇನು?”

ನಿಜವನ್ನೇ ಹೇಳಿದೆ. “ಇರ್ಲಿಲ್ಲ ಅತ್ತೆ.”

ಅವರು ಪಾತ್ರೆ ಕೆಳಗಿಟ್ಟರು. “ನನಗೂ ಇರಲಿಲ್ಲ ಬಿಡು. ಬಾಯಿ ತನಕ ಬಂದಿತ್ತು, ತಿರುಗಿಲ್ಲಾ ಅನ್ನೂದು.” ಆಮೇಲೆ ಅದೇ ಉಸಿರಿನಲ್ಲಿ, “ಎಷ್ಟು ಕೆಟ್ಟ ಕಾಣಸ್ತೀನಿ ನಾ ಇದರಾಗ. ಹಿಂದಿನಿಂದ ಥೇಟ್ ಗೋಣಿಚೀಲ,” ಎಂದರು.

ನಾನು ಅವರ ಭುಜಕ್ಕೆ ತಲೆಯಿಟ್ಟೆ. ಅವರು, “ಕೊತಂಬ್ರಿ ವಾಸನಿ ಇನ್ನೂ ಹೋಗಿಲ್ಲ ನಿನ್ನ ತಲ್ಯಾಗ,” ಎಂದು ಸರಿಸಿದರು. ನೀವೂ ನಮ್ಮ ಜೊತೆ ಬನ್ನಿ ಎಂದೆ. ಬಿಲ್ಡಿಂಗಿನವರಿಗೆ ಭಾನುವಾರ ಯಾರು ಹಂಚುತ್ತಾರೆ ಎಂದರು. ಬೇಸಿಗೆಯಲ್ಲಿ ಬಂದು ನೋಡುತ್ತೇನೆ, ಆಗ ಹಿಮ ಇರುವುದಿಲ್ಲವಷ್ಟೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಅಷ್ಟರಲ್ಲಿ ಪ್ರಣವನ ಕಾಲ್ ಬಂತು. ನಿಖಿತಾ ತಟ್ಟೆ ತರಲು ಓಡಿದಳು. ಕ್ವಾರ್ಟರ್ಸಿನವರಿಗೆ ನಾಳೆಯೇ ಉತ್ತರ ಕೊಡಬೇಕಂತೆ, ಏನಾಯಿತು ಎಂದ. ಹೇಳಲು ನಾನು ಬಾಯಿ ತೆರೆದೆ. ಅತ್ತೆ ಫೋನ್ ಕಸಿದುಕೊಂಡರು.

“ಪಣ್ಯಾ, ಮನಿ ತಗೋ. ಗಾಡಿ ಭಾಳ ಛಲೋ ಅದ. ಮುಂದಿನ ಗಾಲಿ ನಾನೇ ನೋಡೀನಿ.” ನನ್ನ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದರು, ತಗ್ಗಿಸಿದರೂ ರಾಧಾಬಾಯಿಯ ಮನೆಗೆ ಕೇಳಿಸಿರಬೇಕು. “ಓಡಸಾಕಿ ಅಷ್ಟ ಇನ್ನೂ ಕಲೀಬೇಕು. ಡಿಸೆಂಬರ್ ತನಕ ಇಕಿನ್ನ ದಿನಾ ಯಾರ್ಡಿಗೆ ಕರಕೊಂಡು ಹೋಗ್ತೀನಿ.”